ಗಾರ್ಡನ್ ಟ್ರ್ಯಾಕ್ಟರಿಗೆ ಚಳಿಗಾಲದ ಕ್ಯಾಬ್: ಬಟ್ಟೆಯದೋ, ಗಟ್ಟಿ ಗೋಡೆಯದೋ, ಹೀಟರ್ ಬೇಕೋ?

ಓಸ್ವೆಗೋ ತೀರ:

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ಓಸ್ವೆಗೋ ಕೌಂಟಿಯಲ್ಲಿ, ಒಂಟಾರಿಯೊ ಸರೋವರದ ಆಗ್ನೇಯ ದಂಡೆಗೆ ಹತ್ತಿರದಲ್ಲಿ ನಮ್ಮ ಮನೆಯಿದೆ. ಸರೋವರದ ಮೇಲಿಂದ ಹಾದು ಬರುವ ತಣ್ಣನೆಯ ಗಾಳಿ ನೀರಿನ ತೇವವನ್ನು ಹೀರಿಕೊಂಡು ಬಂದು ನಮ್ಮ ಮೇಲೆ ಹಿಮವಾಗಿ ಸುರಿಯುವುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ರಸ್ತೆಯಿಂದ ಮನೆಯವರೆಗಿನ ಡ್ರೈವ್‌ವೇ ಸುಮಾರು 250 ಅಡಿ ಉದ್ದ, 12 ಅಡಿ ಅಗಲವಿದೆ. ನನ್ನಲ್ಲಿರುವುದು ಜಾನ್ ಡೀರ್ ಎಕ್ಸ್500 ಸಾಲಿನ ಗಾರ್ಡನ್ ಟ್ರ್ಯಾಕ್ಟರ್, ಅಂದರೆ ಮನೆಯಂಗಳದ ಕೆಲಸಕ್ಕೆ ಬಳಸುವ ಚಿಕ್ಕ ಟ್ರ್ಯಾಕ್ಟರ್. ಗಾಳಿಯಿಂದ ತಂಪಾಗುವ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮುಂದೆ ಹಿಮವನ್ನು ಎತ್ತಿ ದೂರ ಎಸೆಯುವ 44 ಇಂಚಿನ ಸ್ನೋ ಬ್ಲೋವರ್.

ಯಂತ್ರದ ಶಕ್ತಿಯ ಬಗ್ಗೆ ನನಗೆ ದೂರಿಲ್ಲ. ತೊಂದರೆಯಿರುವುದು ಗಾಳಿಯದು. ಬ್ಲೋವರ್ ಎಸೆದ ಪುಡಿಹಿಮ ಗಾಳಿ ತಿರುಗಿದಾಗಲೆಲ್ಲ ಮುಖಕ್ಕೇ ಬಂದು ಬೀಳುತ್ತದೆ, ಕನ್ನಡಕದ ಮೇಲೆ ಕರಗಿ ಮತ್ತೆ ಗಡ್ಡೆ ಕಟ್ಟುತ್ತದೆ, ಕೈಗವಸಿನ ತುದಿಯಿಂದ ಒಳಗಿಳಿಯುತ್ತದೆ. ಆದ್ದರಿಂದ ಕ್ಯಾಬ್, ಅಂದರೆ ಆಸನದ ಸುತ್ತ ಕೂರಿಸುವ ಗೂಡು, ಜೋಡಿಸುವ ವಿಚಾರ ಮಾಡುತ್ತಿದ್ದೇನೆ. ಬಟ್ಟೆ ಮತ್ತು ಪಾರದರ್ಶಕ ವಿನೈಲಿನ ಹಗುರ ಕ್ಯಾಬ್ ಸಾಕೇ, ಉಕ್ಕಿನ ಚೌಕಟ್ಟಿನ ಗಟ್ಟಿ ಕ್ಯಾಬ್ ಬೇಕೇ? 12 ವೋಲ್ಟಿನ ಚಿಕ್ಕ ಹೀಟರ್ ಹಾಕಿದರೆ ಒಳಗೆ ಬೆಚ್ಚಗಾಗುತ್ತದೆಯೇ? ಬಳಸಿ ಗೊತ್ತಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಸಡ್ಬರಿಯ ಮಲೆನಾಡಿಗ:

ಕ್ಯಾಬಿನಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಂಡರೆ ಉಳಿದ ತೀರ್ಮಾನಗಳು ಸುಲಭವಾಗುತ್ತವೆ. ನಮ್ಮೂರ ಕಡೆ ಗದ್ದೆ ನಾಟಿಯ ಹೊತ್ತಿಗೆ ಹೊದೆಯುತ್ತಿದ್ದ ಗೊರಬು ಮೈಯನ್ನು ಬಿಸಿ ಮಾಡುತ್ತಿರಲಿಲ್ಲ. ಮಳೆಯನ್ನೂ ಗಾಳಿಯನ್ನೂ ಬೆನ್ನಿನಿಂದ ದೂರ ಇಡುತ್ತಿತ್ತು, ಅಷ್ಟರಿಂದಲೇ ದಿನವಿಡೀ ಕೆಸರಿನಲ್ಲಿ ನಿಲ್ಲಲು ಆಗುತ್ತಿತ್ತು. ಗಾರ್ಡನ್ ಟ್ರ್ಯಾಕ್ಟರಿನ ಕ್ಯಾಬ್ ಮಾಡುವುದೂ ಅಷ್ಟೇ ಕೆಲಸವನ್ನು, ಮತ್ತು ಅದು ಸಣ್ಣ ಕೆಲಸವಲ್ಲ. ಅಮೆರಿಕದ ಹವಾಮಾನ ಸೇವೆಯ ಕೋಷ್ಟಕದ ಪ್ರಕಾರ, ಉಷ್ಣಾಂಶ ಶೂನ್ಯ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್ ಇದ್ದು ಗಂಟೆಗೆ 15 ಮೈಲಿ ವೇಗದ ಗಾಳಿ ಬೀಸುತ್ತಿದ್ದರೆ ಚರ್ಮಕ್ಕೆ ತಟ್ಟುವ ಚಳಿ ಮೈನಸ್ 28 ಸೆಲ್ಸಿಯಸ್‌ನದು, ಮತ್ತು ತೆರೆದಿಟ್ಟ ಚರ್ಮ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಗಾಳಿಯನ್ನು ತಡೆದುಬಿಟ್ಟರೆ ಈ 10 ಡಿಗ್ರಿಯ ವ್ಯತ್ಯಾಸ ಹೀಟರಿನ ಹಂಗಿಲ್ಲದೆ ನಿಮಗೆ ದಕ್ಕುತ್ತದೆ.

ಹೀಟರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಗಾತ್ರದ ಎಂಜಿನ್ನುಗಳ ಚಾರ್ಜಿಂಗ್ ವ್ಯವಸ್ಥೆ ಸಾಮಾನ್ಯವಾಗಿ 15ರಿಂದ 20 ಆಂಪಿಯರ್ ಕೊಡುತ್ತದೆ. ಅದರಲ್ಲಿ ದೀಪಗಳಿಗೆ ಒಂದು ಪಾಲು, ಬ್ಲೋವರಿಗೆ ಶಕ್ತಿ ಕೊಡುವ ವಿದ್ಯುತ್ ಕ್ಲಚ್ಚಿಗೆ ಇನ್ನೊಂದು ಪಾಲು, ಬ್ಯಾಟರಿ ತುಂಬಲು ಮತ್ತೊಂದು. 150 ವಾಟಿನ ಹೀಟರ್ 12 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅಷ್ಟು ಎಳೆದೂ ಅದು ಕೊಡುವ ಶಾಖ, ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಹಾಕುವ 1500 ವಾಟಿನ ಹೀಟರಿನ ಹತ್ತನೇ ಒಂದು ಭಾಗ. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 100 ವಾಟ್ ಶಾಖವನ್ನು ಹೊರಹಾಕುತ್ತದೆ. ಕುಬೋಟಾ ಬಿಎಕ್ಸ್, ಜಾನ್ ಡೀರ್ 1025ಆರ್‌ನಂತಹ, ಗಾರ್ಡನ್ ಟ್ರ್ಯಾಕ್ಟರಿಗಿಂತ ಒಂದು ಹಂತ ದೊಡ್ಡದಾದ ಸಬ್‌ಕಾಂಪ್ಯಾಕ್ಟ್ ಯಂತ್ರಗಳ ಡೀಸೆಲ್ ಎಂಜಿನ್ನು ನೀರಿನಿಂದ ತಂಪಾಗುವಂಥದ್ದು. ಅಲ್ಲಿ ಕೂಲಂಟ್ ಕೊಳವೆಗೆ ಕವಲು ಹಾಕಿ ಕಾರಿನಲ್ಲಿರುವಂತಹ ನಿಜವಾದ ಹೀಟರನ್ನು ಕೂರಿಸಬಹುದು. ಗಾಳಿ ತಂಪಿನ ಎಂಜಿನ್ನಿಗೆ ಆ ಅನುಕೂಲವಿಲ್ಲ. ಬಿಸಿ ಕೈಗವಸು, ಬಿಸಿ ಜಾಕೆಟ್ಟುಗಳು ತಮ್ಮದೇ ಬ್ಯಾಟರಿಯಿಂದ ನಡೆಯುತ್ತವೆ. ಆ ಹಣಕ್ಕೆ ಅವು ಹೆಚ್ಚು ಫಲ ಕೊಡುತ್ತವೆ.

ಬಟ್ಟೆಯೋ ಗಟ್ಟಿಯೋ ಎಂಬ ಪ್ರಶ್ನೆಗೆ ಬಂದರೆ, ನಿಮ್ಮ ಟ್ರ್ಯಾಕ್ಟರಿಗೆ ನಾನು ಬಟ್ಟೆಯ ಬದಿಗಳಿರುವ, ಮುಂದಿನ ಗಾಜು ಮಾತ್ರ ಗಟ್ಟಿಯಾಗಿರುವ ಕ್ಯಾಬನ್ನೇ ಹೇಳುತ್ತೇನೆ. ಇಂಡಿಯಾನಾದ ಒರಿಜಿನಲ್ ಟ್ರ್ಯಾಕ್ಟರ್ ಕ್ಯಾಬ್ ಕಂಪನಿಯಾಗಲಿ, ಕ್ವಿಬೆಕ್‌ನ ಬರ್ಕೊಮ್ಯಾಕ್ ಆಗಲಿ, ಈ ವರ್ಗದ ಕ್ಯಾಬುಗಳನ್ನು ಬಹಳ ಕಾಲದಿಂದ ಮಾಡುತ್ತಿವೆ. ಕೊಳ್ಳುವ ಮುನ್ನ ನಿಮ್ಮ ಮಾದರಿಯ ಸಂಖ್ಯೆಯನ್ನು ಅವರ ಪಟ್ಟಿಯಲ್ಲಿ ಹೋಲಿಸಿ ನೋಡಿ. ಬ್ಲೋವರಿನ ಚಿಮಣಿಯನ್ನು, ಅಂದರೆ ಹಿಮ ಹೊರಚಿಮ್ಮುವ ಕೊಳವೆಯನ್ನು, ತಿರುಗಿಸುವ ಸರಳು ಎಲ್ಲಿಂದ ಒಳಬರುತ್ತದೆ ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ ಇರುತ್ತದೆ.

ಡುಲೂತ್ ನಿವಾಸಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆಯಾಗಿದೆ, ಅದನ್ನೂ ದಾಖಲಿಸುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. 250 ಅಡಿ ಉದ್ದ, 12 ಅಡಿ ಅಗಲದ ದಾರಿಯಲ್ಲಿ ಆರು ಇಂಚು ಹಿಮ ಬಿದ್ದರೆ ಅದು 1500 ಘನ ಅಡಿಯಾಗುತ್ತದೆ, ಅಂದರೆ ಸುಮಾರು 42 ಘನ ಮೀಟರ್. ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು ಎಂಬ ಸಾಮಾನ್ಯ ಲೆಕ್ಕದಂತೆ ನೋಡಿದರೂ ಅದರ ತೂಕ ನಾಲ್ಕು ಟನ್ನಿಗಿಂತ ಹೆಚ್ಚು. ಇದನ್ನೆಲ್ಲ ಎತ್ತಿ ಎಸೆಯುವಾಗ ಟ್ರ್ಯಾಕ್ಟರಿಗೆ ಮೊದಲು ಬೇಕಾಗುವುದು ನೆಲದ ಹಿಡಿತ. ಹಿಂದಿನ ಚಕ್ರಗಳಿಗೆ ಸರಪಳಿ, ಚಕ್ರದ ತೂಕಗಳು, ಹಿಂಬದಿಗೆ ಇನ್ನಷ್ಟು ಭಾರ: ಇವು ಇಲ್ಲದಿದ್ದರೆ ಮುಂದೆ ತೂಗುವ ಬ್ಲೋವರ್ ಹಿಂದಿನ ಚಕ್ರಗಳನ್ನು ಹಗುರ ಮಾಡುತ್ತದೆ, ಕ್ಯಾಬಿನೊಳಗೆ ಎಷ್ಟೇ ಸುಖವಾಗಿ ಕುಳಿತರೂ ಟ್ರ್ಯಾಕ್ಟರ್ ನಿಂತಲ್ಲೇ ಚಕ್ರ ಸುತ್ತಿಸುತ್ತಿರುತ್ತದೆ. ಸರಪಳಿಯಲ್ಲೂ ಎರಡು ಕೊಂಡಿಗೊಂದು ಅಡ್ಡಪಟ್ಟಿ ಇರುವುದನ್ನೇ ಆರಿಸಿಕೊಳ್ಳಿ; ನಾಲ್ಕು ಕೊಂಡಿಗೊಂದು ಇರುವುದು ಅಗ್ಗವಾದರೂ, ಚಿಕ್ಕ ಚಕ್ರದಲ್ಲಿ ಅಡ್ಡಪಟ್ಟಿಗಳ ನಡುವಿನ ಜಾಗ ನೆಲಕ್ಕೆ ಬಂದಾಗಲೆಲ್ಲ ಜಾರುತ್ತದೆ.

ಇವೆಲ್ಲ ಈಗಾಗಲೇ ನಿಮ್ಮಲ್ಲಿದ್ದರೆ ಕ್ಯಾಬಿಗೆ ನನ್ನ ವಿರೋಧವಿಲ್ಲ. ಇಲ್ಲದಿದ್ದರೆ ಮೊದಲ ಹಣ ಇವಕ್ಕೇ ಹೋಗಲಿ. ಒಂದು ಚಳಿಗಾಲ ಒಳ್ಳೆಯ ಸ್ಕೀ ಕನ್ನಡಕ, ಮುಖದ ಮುಸುಕು, ಗಾಳಿ ನುಗ್ಗದ ಮೇಲುಡುಪಿನಲ್ಲಿ ಕಳೆಯಬಹುದು. ಗಟ್ಟಿ ಕ್ಯಾಬಿನ ಬೆಲೆಗೆ ಇನ್ನಷ್ಟು ಸೇರಿಸಿ ದೊಡ್ಡ ಯಂತ್ರಕ್ಕೇ ಹೋಗುವ ಯೋಚನೆ ಬಂದರೆ, ಕುಬೋಟಾ ಎಲ್‌ಎಕ್ಸ್ ಸಾಲಿನಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಕ್ಯಾಬ್ ಸಿಗುತ್ತದೆ. ಅದರ ಬೆಲೆ ಬೇರೆಯೇ ಮಟ್ಟದ್ದು.

ಓಸ್ವೆಗೋ ತೀರ:

ಸರಪಳಿಯೂ ಚಕ್ರದ ತೂಕಗಳೂ ಈಗಾಗಲೇ ಇವೆ, ಹಿಂಬದಿಯ ಭಾರವನ್ನು ಹೆಚ್ಚಿಸಿಕೊಳ್ಳುತ್ತೇನೆ. ಮುಸುಕು ಮತ್ತು ಸ್ಕೀ ಕನ್ನಡಕದ ಜೊತೆ ದೃಷ್ಟಿಯ ಕನ್ನಡಕವನ್ನೂ ಹಾಕಬೇಕಾದ್ದರಿಂದ ಮಂಜು ಕಟ್ಟಿ ಏನೂ ಕಾಣದಂತಾಗುತ್ತದೆ, ಆ ದಾರಿ ನನಗೆ ಸಾಗದು. ಹೀಟರಿನ ಆಸೆ ಬಿಟ್ಟೆ. ಎಂಜಿನ್ನಿನ ಬಿಸಿಗಾಳಿಯನ್ನೇ ಒಂದು ಕೊಳವೆಯಲ್ಲಿ ಒಳಗೆ ತಂದುಕೊಂಡರೆ ಹೇಗೆ?

ಕೆವೀನಾ ಯಂತ್ರಶಾಲೆ:

ದಯವಿಟ್ಟು ಅದನ್ನು ಮಾಡಬೇಡಿ. ಕಾರಣವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಇದು ಜೀವದ ಪ್ರಶ್ನೆ.

ಗಾಳಿ ತಂಪಿನ ಎಂಜಿನ್ನಿನ ಸುತ್ತ ಹಾದು ಬರುವ ಬಿಸಿಗಾಳಿ ನೋಡಲು ಶುದ್ಧವಾಗಿದೆ ಎನಿಸುತ್ತದೆ. ಆದರೆ ಸೈಲೆನ್ಸರ್ ಇರುವುದೂ ಅದೇ ಬಾನೆಟ್ಟಿನ ಕೆಳಗೆ. ಗ್ಯಾಸ್ಕೆಟ್ ಎಲ್ಲೋ ಸ್ವಲ್ಪ ಬಿಟ್ಟರೆ, ಸೈಲೆನ್ಸರಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ, ಕಾರ್ಬನ್ ಮೊನಾಕ್ಸೈಡ್ ಆ ಬಿಸಿಗಾಳಿಯ ಜೊತೆ ನೇರವಾಗಿ ನಿಮ್ಮ ಮಡಿಲಿಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಮಂಕು, ಹೊಟ್ಟೆ ತೊಳಸುವಿಕೆ; ಚಳಿಯಲ್ಲಿ ದಣಿದವನಿಗೆ ಇವೆಲ್ಲ ದಣಿವಿನ ಲಕ್ಷಣಗಳೆಂದೇ ತೋರುತ್ತವೆ.

ಕೊಳವೆ ಹಾಕದಿದ್ದರೂ ಕ್ಯಾಬ್ ಕೂರಿಸಿದ ಕ್ಷಣದಿಂದ ಈ ಪ್ರಶ್ನೆ ಇದ್ದೇ ಇರುತ್ತದೆ. ಟ್ರ್ಯಾಕ್ಟರ್ ತೆರೆದಿದ್ದಾಗ ಹೊಗೆ ಯಾವ ಕಡೆಯಿಂದ ಹೊರಟರೂ ಗಾಳಿ ಒಯ್ಯುತ್ತಿತ್ತು. ಈಗ ಸುತ್ತ ಗೋಡೆಯಿದೆ. ಎದುರುಗಾಳಿ ಬೀಸುವಾಗ ಹೊಗೆ ಕ್ಯಾಬಿನ ಎರಡೂ ಪಕ್ಕಕ್ಕೆ ಒತ್ತಿಕೊಂಡು ಹಿಂದಕ್ಕೆ ಹರಿಯುತ್ತದೆ. ಕ್ಯಾಬಿನ ಹಿಂಭಾಗದಲ್ಲಿ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ಸುಳಿ ಎದ್ದು, ಹಿಂದಿನ ಬಾಯಿ ಪೂರ್ತಿ ತೆರೆದಿದ್ದರೆ ಆ ಹೊಗೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಿಂಬದಿ ತೆರೆದಿದೆಯಲ್ಲ, ಗಾಳಿಯಾಡುತ್ತದೆ ಎಂದು ನೆಮ್ಮದಿಯಿಂದಿರುವವರು ಇದನ್ನು ಗಮನಿಸಬೇಕು.

ಮಾಡಬೇಕಾದದ್ದು ಇಷ್ಟು. ಎಂಜಿನ್ನಿಗೂ ನಿಮ್ಮ ಕಾಲಿಗೂ ನಡುವಿನ ಗೋಡೆಯಲ್ಲಿ ಪೆಡಲ್, ತಂತಿ, ಸ್ಟಿಯರಿಂಗ್ ಕಂಬ ಹಾದುಹೋಗುವ ಪ್ರತಿಯೊಂದು ಸಂದನ್ನೂ ಶಾಖ ತಡೆಯುವ ರಬ್ಬರು ಅಥವಾ ಫೋಮಿನಿಂದ ಮುಚ್ಚಿ. ಹೊಗೆ ಹೊರಡುವ ಬಾಯಿಗೆ ಲೋಹದ ಮೊಣಕೈ ಕೊಳವೆ ಜೋಡಿಸಿ, ಅದರ ಮುಖ ಕ್ಯಾಬಿನಿಂದ ಆಚೆಗೆ, ಮುಂದಕ್ಕೂ ಪಕ್ಕಕ್ಕೂ ಇರುವಂತೆ ತಿರುಗಿಸಿ. ಉದ್ದನೆಯ ಕೊಳವೆ ಬೇಡ, ಅದರ ತೂಕಕ್ಕೆ ಸೈಲೆನ್ಸರಿನ ಬೆಸುಗೆಯೇ ಬಿಡುತ್ತದೆ. ಕ್ಯಾಬಿನ ಮೇಲ್ಭಾಗದಲ್ಲಿ, ಹೊಗೆಯ ಬಾಯಿ ಇರುವ ಪಕ್ಕಕ್ಕೆ ವಿರುದ್ಧವಾದ ಕಡೆ, ಹೊರಗಾಳಿ ಒಳಬರಲು ಒಂದು ಕಿಂಡಿ ಇರಲಿ.

ಇನ್ನು ಅಲಾರಂ. ಮನೆಗೆ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮನ್ನೇ ತಂದು ತೂಗುಹಾಕುವುದನ್ನು ಬಹಳ ಜನ ಹೇಳುತ್ತಾರೆ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ಆ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 70 ಭಾಗ) ಇರುವಾಗ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, 400 ಪಿಪಿಎಂಗೆ 4ರಿಂದ 15 ನಿಮಿಷ. ಅದನ್ನು ರೂಪಿಸಿರುವುದು ಬೆಚ್ಚನೆಯ ಮನೆಯೊಳಗಿನ ಬಳಕೆಗೆ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಅಂಕಿಯನ್ನು ತೋರಿಸುವ, ಕಡಿಮೆ ಮಟ್ಟದಿಂದಲೇ ಎಚ್ಚರಿಸುವ, ಚಳಿಯಲ್ಲೂ ನಡೆಯುವುದೆಂದು ತಯಾರಕರು ಬರೆದಿರುವ ಕಿಸೆಯ ಮಾಪಕವನ್ನು ಕೊಳ್ಳಿ. ಅದನ್ನು ಎದೆಯ ಮಟ್ಟದಲ್ಲಿ ಸಿಕ್ಕಿಸಿಕೊಂಡು, ಎಂಜಿನ್ ಪೂರ್ಣ ವೇಗದಲ್ಲಿರುವಾಗ ಟ್ರ್ಯಾಕ್ಟರನ್ನು ನಾಲ್ಕೂ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ ಅಂಕಿ ನೋಡಿ. ಯಾವ ದಿಕ್ಕಿನಲ್ಲಿ ಏರುತ್ತದೆಯೋ ಅದಕ್ಕೆ ಪರಿಹಾರ ಸಿಗುವವರೆಗೆ ಆ ಕ್ಯಾಬನ್ನು ಬಳಸಬೇಡಿ.

ಬಫಲೋ ದಕ್ಷಿಣ:

ಮೇಲಿನ ಬರಹದ ಒಂದೊಂದು ಸಾಲಿಗೂ ನನ್ನ ಸಹಮತವಿದೆ. ನಾನು ಕ್ಯಾಬನ್ನು ಮನೆಯಲ್ಲೇ ಕಟ್ಟಿಕೊಂಡವಳು, ಆದ್ದರಿಂದ ಕಟ್ಟುವ ಮತ್ತು ಕಾಣುವ ವಿಷಯಗಳನ್ನಷ್ಟೇ ಸೇರಿಸುತ್ತೇನೆ. 2022ರ ನವೆಂಬರಿನಲ್ಲಿ ಇಲ್ಲಿಗೆ ಹತ್ತಿರದ ಆರ್ಚರ್ಡ್ ಪಾರ್ಕಿನಲ್ಲಿ ಒಂದೇ ಬಿರುಗಾಳಿಗೆ ಸುಮಾರು 80 ಇಂಚು ಹಿಮ ಬಿದ್ದದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ನಾನು ಈ ಕೆಲಸಕ್ಕೆ ಕೈ ಹಾಕಿದೆ.

ಚೌಕಟ್ಟಿಗೆ ಒಂದು ಇಂಚಿನ ಚೌಕ ಉಕ್ಕಿನ ಕೊಳವೆ, ಪಕ್ಕಗಳಿಗೆ ಪಾಲಿಕಾರ್ಬನೇಟ್ ಹಾಳೆ, ಮುಂದಕ್ಕೆ ಸೇಫ್ಟಿ ಗ್ಲಾಸ್. ಮುಂದೆ ಮಾತ್ರ ಗಾಜೇ ಏಕೆಂದರೆ, ವೈಪರಿನ ಅಡಿಯಲ್ಲಿ ಸಿಕ್ಕ ಮರಳಿನ ಕಣಗಳು ಪಾಲಿಕಾರ್ಬನೇಟನ್ನು ಬಲುಬೇಗ ಗೀರುತ್ತವೆ, ಆ ಗೀರುಗಳ ಮೇಲೆ ಬೆಳಗಿನ ಸೂರ್ಯ ಬಿದ್ದರೆ ಮುಂದಿರುವುದೇನೂ ಕಾಣುವುದಿಲ್ಲ. ಪಾಲಿಕಾರ್ಬನೇಟನ್ನು ಸೋಪಿನ ನೀರಿನಿಂದ ಮಾತ್ರ ಒರೆಸಬೇಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ತಗಲಿದರೆ ಅದು ಮಸುಕಾಗಿ ಸೀಳುತ್ತದೆ. ಚೌಕಟ್ಟು ಟ್ರ್ಯಾಕ್ಟರಿಗೆ ತಾಗುವ ಕಡೆಯೆಲ್ಲ ದಪ್ಪ ರಬ್ಬರಿನ ಬಿಲ್ಲೆ ಇಡದಿದ್ದರೆ ಇಡೀ ಕ್ಯಾಬ್ ಎಂಜಿನ್ನಿನ ಕಂಪನಕ್ಕೆ ಮೊಳಗುತ್ತದೆ. ರಬ್ಬರ್ ಇಟ್ಟ ಮೇಲೂ ಕಿವಿಗೆ ರಕ್ಷಣೆ ಬೇಕೇ ಬೇಕು, ಏಕೆಂದರೆ ಮುಚ್ಚಿದ ಕ್ಯಾಬ್ ಗದ್ದಲವನ್ನು ಹೊರಗಿಡುವುದಕ್ಕಿಂತ ಒಳಗೇ ಸುತ್ತಿಸುವುದು ಹೆಚ್ಚು.

ಚಿಮಣಿ ತಿರುಗಿಸುವ ಸರಳು ಒಳಬರುವ ತೂತಿನ ಬಗ್ಗೆ ಮಲೆನಾಡಿಗರು ಪ್ರಸ್ತಾಪಿಸಿದ್ದಾರೆ. ನಾನು ಹಳೆಯ ಟ್ಯೂಬಿನ ರಬ್ಬರನ್ನು ಅಂಗೈಯಗಲ ಕತ್ತರಿಸಿ, ನಡುವೆ ಕೂಡುವ ಚಿಹ್ನೆಯಂತೆ (+) ಸೀಳಿ, ತೂತಿನ ಒಳಗಡೆ ಒಂದು, ಹೊರಗಡೆ ಒಂದು ಹಾಗೆ ಎರಡು ಪದರ ಬಿಗಿದಿದ್ದೇನೆ. ಒಂದರ ಸೀಳು ನೇರ, ಇನ್ನೊಂದರದು ಓರೆ. ಸರಳು ಸಲೀಸಾಗಿ ತಿರುಗುತ್ತದೆ, ಮೇಲೆ ಕೆಳಗೆ ಆಡುತ್ತದೆ, ಹಿಮದ ಪುಡಿ ಮಾತ್ರ ಒಳಗೆ ಬರುವುದಿಲ್ಲ.

ಹೊಸಬರಿಗೆ ಅತಿ ಹೆಚ್ಚು ಕಾಡುವುದು ಗಾಜಿನ ಒಳಗಡೆ ಕಟ್ಟುವ ಹಿಮ. ಉಸಿರಿನ ತೇವ, ಬೂಟಿನಿಂದ ಕರಗಿದ ನೀರು, ಎರಡೂ ತಣ್ಣನೆಯ ಗಾಜಿಗೆ ಹೋಗಿ ಕೂರುತ್ತವೆ. ಕ್ಯಾಬನ್ನು ಇನ್ನೂ ಬಿಗಿಯಾಗಿ ಮುಚ್ಚಿದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಚಳಿಗಾಲದ ಹೊರಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ, ಅದನ್ನೇ ಒಂದು ಚಿಕ್ಕ 12 ವೋಲ್ಟಿನ ಫ್ಯಾನಿನಿಂದ ಗಾಜಿನ ಮೇಲೆ ಹಾಯಿಸಿದರೆ ಗಾಜು ತಿಳಿಯಾಗಿರುತ್ತದೆ. ಆ ಗಾಳಿಯನ್ನು ಯಂತ್ರಶಾಲೆಯವರು ಹೇಳಿದ ಮೇಲಿನ ಕಿಂಡಿಯಿಂದಲೇ ತೆಗೆದುಕೊಂಡರೆ, ಕಾಣುವುದಕ್ಕೂ ಉಸಿರಾಡುವುದಕ್ಕೂ ಒಂದೇ ಏರ್ಪಾಡು ಸಾಕಾಗುತ್ತದೆ.

ಸಡ್ಬರಿಯ ಮಲೆನಾಡಿಗ:

ಇಷ್ಟು ಹೊತ್ತೂ ನಾವು ಯಾರೂ ಹೇಳದ ಒಂದು ವಿಷಯವಿದೆ. ಈ ಕ್ಯಾಬುಗಳು ಟ್ರ್ಯಾಕ್ಟರ್ ಮಗುಚಿದಾಗ ನಿಮ್ಮನ್ನು ಉಳಿಸುವುದಿಲ್ಲ. ಸಬ್‌ಕಾಂಪ್ಯಾಕ್ಟ್ ಯಂತ್ರಗಳಲ್ಲಿ ಆಸನದ ಹಿಂದೆ ಮಗುಚುವಿಕೆಯಿಂದ ಕಾಪಾಡುವ ಕಮಾನು ಇರುತ್ತದೆ, ಕ್ಯಾಬ್ ಅದರ ಸುತ್ತ ಕೂರುತ್ತದೆ. ಗಾರ್ಡನ್ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಆ ಕಮಾನೇ ಇಲ್ಲ, ಕ್ಯಾಬಿನ ತೆಳು ಚೌಕಟ್ಟು ಅದರ ಬದಲಿಗೆ ನಿಲ್ಲಲಾರದು. ಅದರ ಜೊತೆಗೆ ಗಟ್ಟಿ ಕ್ಯಾಬಿನ ತೂಕವೆಲ್ಲ ಮೇಲ್ಗಡೆಗೇ ಬರುವುದರಿಂದ ಇಳಿಜಾರಿನಲ್ಲಿ, ಹಿಮದಡಿ ಕಾಣದ ಚರಂಡಿಯ ಅಂಚಿನಲ್ಲಿ, ಯಂತ್ರ ಮೊದಲಿಗಿಂತ ಬೇಗ ವಾಲುತ್ತದೆ. ಬಟ್ಟೆಯ ಕ್ಯಾಬನ್ನು ನಾನು ಹೇಳಿದ್ದರ ಮುಖ್ಯ ಕಾರಣ ಇದೇ. ಚಳಿಗಾಲ ಶುರುವಾಗುವ ಮೊದಲೇ ಡ್ರೈವ್‌ವೇಯ ಎರಡೂ ಅಂಚಿಗೆ ಎತ್ತರದ ಕೋಲುಗಳನ್ನು ನೆಟ್ಟುಬಿಡಿ.

ಹೊರಬರುವ ದಾರಿಯೂ ಎರಡಿರಬೇಕು. ಎಡಕ್ಕೆ ಮಗುಚಿದರೆ ಎಡಬಾಗಿಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಆಗ ಬಲಬಾಗಿಲೋ ಹಿಂದಿನ ಪರದೆಯೋ ಒಳಗಿನಿಂದ ಒಂದೇ ಕೈಯಲ್ಲಿ, ಕೈಗವಸು ಹಾಕಿಕೊಂಡೇ ತೆಗೆಯಲು ಬರಬೇಕು.

ಓಸ್ವೆಗೋ ತೀರ:

ಇಷ್ಟನ್ನು ಓದಿದ ಮೇಲೆ ಗಟ್ಟಿ ಮುಂಗಾಜು, ಬಟ್ಟೆಯ ಪಕ್ಕಗಳಿರುವ ಕ್ಯಾಬನ್ನೇ ತರಿಸಿದ್ದೇನೆ. ಚಿಕ್ಕ ಫ್ಯಾನ್, ಮೊಣಕೈ ಕೊಳವೆ, ಅಂಕಿ ತೋರಿಸುವ ಮಾಪಕ ಎಲ್ಲವೂ ಬಂದಿವೆ. ಗ್ಯಾರೇಜಿನ ಬಾಗಿಲು ಇಲ್ಲಿಯ ರೂಢಿಯಂತೆ 7 ಅಡಿ ಎತ್ತರವಿದೆ. ಕ್ಯಾಬ್ ಅದರಡಿ ಹೋಗುತ್ತದೆ, ಮೇಲೊಂದು ತಿರುಗುದೀಪ ಇಟ್ಟರೆ ತಾಗುತ್ತದೆ. ಆದ್ದರಿಂದ ದೀಪವನ್ನು ಹಿಂಬದಿಯ ಕಂಬಕ್ಕೆ ಕೆಳಗೆ ಕಟ್ಟಿದೆ. ಟ್ರ್ಯಾಕ್ಟರನ್ನು ಬೆಚ್ಚನೆಯ ಗ್ಯಾರೇಜಿನಲ್ಲೇ ಇಟ್ಟುಕೊಂಡರೆ ಒಳ್ಳೆಯದಲ್ಲವೇ?

ಕೆವೀನಾ ಯಂತ್ರಶಾಲೆ:

ಎಂಜಿನ್ನಿಗೆ ಒಳ್ಳೆಯದು, ಉಳಿದವಕ್ಕೆ ಅಲ್ಲ. ಬೆಚ್ಚಗಿರುವ ಮುಂಗಾಜಿನ ಮೇಲೆ ಬಿದ್ದ ಹಿಮ ಮೊದಲು ಕರಗುತ್ತದೆ, ಗಾಜು ತಣ್ಣಗಾಗುತ್ತಿದ್ದಂತೆ ಅದೇ ನೀರು ಮಂಜುಗಡ್ಡೆಯ ಪದರವಾಗುತ್ತದೆ. ಬ್ಲೋವರಿನ ಚಿಮಣಿಯಲ್ಲೂ ಹಾಗೆಯೇ: ಬೆಚ್ಚನೆಯ ಲೋಹಕ್ಕೆ ಹಿಮ ಅಂಟಿ, ಒಂದರ ಮೇಲೊಂದು ಕೂತು ಬಾಯಿ ಕಟ್ಟಿಕೊಳ್ಳುತ್ತದೆ. ಕೆಲಸಕ್ಕೆ ಮೊದಲು ಟ್ರ್ಯಾಕ್ಟರನ್ನು ಹೊರಗೆ ತಂದು ಗಾಜೂ ಚಿಮಣಿಯೂ ಹೊರಗಿನಷ್ಟೇ ತಣ್ಣಗಾಗಲು ಬಿಡಿ. ಎಂಜಿನ್ನನ್ನು ಹೊರಗೇ ಚಾಲೂ ಮಾಡಬೇಕು. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಬಿಸಿ ಮಾಡಿಕೊಳ್ಳುವುದು ಬೇಡ. ಬೇಸಿಗೆಗೆಂದು ಹಾಕಿದ ಎಸ್‌ಎಇ 30 ಎಣ್ಣೆ ಇನ್ನೂ ಇದ್ದರೆ ತೆಗೆದು, ನಿಮ್ಮ ಎಂಜಿನ್ನಿನ ಕೈಪಿಡಿ ಒಪ್ಪುವುದಾದರೆ ಚಳಿಯಲ್ಲಿ ಅಷ್ಟು ಗಟ್ಟಿಯಾಗದ 5ಡಬ್ಲ್ಯು-30 ಹಾಕಿ.

ಡುಲೂತ್ ನಿವಾಸಿ:

ಚಿಮಣಿ ಕಟ್ಟಿಕೊಂಡಾಗಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಕ್ಯಾಬಿನಿಂದ ಇಳಿಯುವುದು, ಬಾಗಿಲು ತೆಗೆಯುವುದು, ಮತ್ತೆ ಹತ್ತುವುದು ತ್ರಾಸದ ಕೆಲಸ. ಆ ತ್ರಾಸವನ್ನು ತಪ್ಪಿಸಲು ಆಸನದ ಸುರಕ್ಷಾ ಸ್ವಿಚ್ಚನ್ನು ಬಿಚ್ಚಿ, ಎಂಜಿನ್ ಓಡುತ್ತಿರುವಾಗಲೇ ಕೆಳಗಿಳಿಯುವಂತೆ ಮಾಡಿಕೊಳ್ಳುವವರಿದ್ದಾರೆ. ಹಾಗೆ ಎಂದೂ ಮಾಡಬೇಡಿ. ಬ್ಲೋವರಿನ ಕ್ಲಚ್ಚನ್ನು ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು, ತಿರುಗುವ ಭಾಗಗಳೆಲ್ಲ ನಿಂತ ಮೇಲೆ ಕೋಲಿನಿಂದ ಮಾತ್ರ ಹಿಮವನ್ನು ಬಿಡಿಸಬೇಕು, ಕೈಯಿಂದಲ್ಲ. ಆ ಕೋಲು ಸದಾ ಕ್ಯಾಬಿನೊಳಗೆ ಕೈಗೆಟುಕುವಂತಿರಲಿ.

ಓಸ್ವೆಗೋ ತೀರ:

ಜನವರಿಯ ದೊಡ್ಡ ಹಿಮಪಾತಗಳು ಕಳೆದ ಮೇಲೆ ಫಲಿತಾಂಶವನ್ನು ತಿಳಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ. ಯಂತ್ರಶಾಲೆಯವರು ಹೇಳಿದ್ದು ಕಣ್ಣೆದುರೇ ಕಂಡಿತು. ವಾಯವ್ಯಕ್ಕೆ, ಅಂದರೆ ಸರೋವರದ ಗಾಳಿಗೆ ಎದುರಾಗಿ ನಿಲ್ಲಿಸಿ ಹಿಂದಿನ ಪರದೆಯನ್ನು ಪೂರ್ತಿ ಸುತ್ತಿಟ್ಟಾಗ ಮಾಪಕದ ಅಂಕಿ ಮೆಲ್ಲಗೆ ಏರತೊಡಗಿತು. ಉಳಿದ ಮೂರು ದಿಕ್ಕುಗಳಲ್ಲಿ ಸೊನ್ನೆಯಲ್ಲೇ ಇತ್ತು. ಪರದೆಯನ್ನು ಮೇಲಿನ ಕಾಲುಭಾಗ ಮಾತ್ರ ತೆರೆದು, ಫ್ಯಾನಿನಿಂದ ಮೇಲ್ಕಿಂಡಿಯ ಗಾಳಿಯನ್ನು ಒಳಕ್ಕೆ ತಳ್ಳುತ್ತಿದ್ದರೆ ಆ ದಿಕ್ಕಿನಲ್ಲೂ ಸೊನ್ನೆಗೆ ಇಳಿಯುತ್ತದೆ, ಮುಂಗಾಜೂ ತಿಳಿಯಾಗಿರುತ್ತದೆ. ಒಳಗೆ ಬೆಚ್ಚಗಿಲ್ಲ, ಆದರೆ ಕನ್ನಡಕ ಒಣಗಿರುತ್ತದೆ, ಡ್ರೈವ್‌ವೇಯ ಕೊನೆಯವರೆಗೂ ಕಣ್ಣು ಬಿಟ್ಟುಕೊಂಡು ಹೋಗಬಹುದು. ನನಗೆ ಬೇಕಿದ್ದದ್ದು ಇದೇ.

ಒಂದು ಪ್ರಶ್ನೆ ಉಳಿದಿದೆ: ಬಾಗಿಲಿನ ಜಿಪ್ ಮಂಜುಗಟ್ಟಿ ಬಿಗಿಯಾಗುತ್ತದೆ, ಮಲೆನಾಡಿಗರು ಹೇಳಿದಂತೆ ಒಂದೇ ಕೈಯಲ್ಲಿ ತೆಗೆಯಲು ಆಗುತ್ತಿಲ್ಲ.

ಬಫಲೋ ದಕ್ಷಿಣ:

ಜಿಪ್ಪನ್ನು ಒಣಗಿಸಿ ಹಲ್ಲುಗಳಿಗೆ ಜೇನುಮೇಣ ತಿಕ್ಕಿ, ಎಳೆಯುವ ತುದಿಗೆ ಕೈಗವಸಿನ ಬೆರಳು ತೂರುವಷ್ಟು ದೊಡ್ಡ ಹಗ್ಗದ ಕುಣಿಕೆ ಕಟ್ಟಿ. ಅಷ್ಟಾದರೂ ಬಿಗಿಯಾದರೆ ಬಲಬಾಗಿಲಿನ ಜಿಪ್ಪನ್ನೇ ತೆಗೆಸಿ, ಟೆಂಟ್ ಹೊಲಿಯುವವರಲ್ಲಿ ಆಯಸ್ಕಾಂತದ ಪಟ್ಟಿ ಹೊಲಿಸಿ. ಭುಜದಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ. ಬೇಸಿಗೆಗೆ ಕ್ಯಾಬ್ ಕಳಚುವಾಗ ವಿನೈಲನ್ನು ಚಳಿಯಲ್ಲಿ ಮಡಚಬೇಡಿ, ಸೀಳುತ್ತದೆ. ಏಪ್ರಿಲ್ಲಿನ ಒಂದು ಬಿಸಿಲಿನ ಮಧ್ಯಾಹ್ನ ನೋಡಿ ತೆಗೆದು, ಸುರುಳಿ ಸುತ್ತಿ, ಇಲಿ ಹೋಗದ ಡಬ್ಬದಲ್ಲಿಡಿ.